ಹಾಳೆಯ ಹಿಂಬದಿ

ಡಿಡ್‌ಕಾಟ್ ಸ್ಟೇಷನ್ನಿನಿಂದ ಬಸ್ಸು ದಿಬ್ಬ ಹತ್ತುವಾಗ
ಕೆಂಗಂದು ಹದ್ದೊಂದು ಸ್ವಲ್ಪ ದೂರ ಜೊತೆಗೇ ಬರುತ್ತದೆ.
ಗೇಟಿನಲ್ಲಿ ಬಿಲ್ಲೆ ತೋರಿಸಿ, ಬೂಟಿಗೆ ನೀಲಿ ಚೀಲ ತೊಡಿಸಿ
ಒಳಗೆ ಹೋದರೆ ಕಿಟಕಿಯಿಲ್ಲದ ಕೋಣೆಯಲ್ಲಿ
ವಿನಿಫ್ರೆಡ್ ಪಾರ್ಜೆಟರ್.
ಮೂವತ್ತೊಂದು ವರ್ಷದಿಂದ ಗುರಿ ಮಾಡುತ್ತಾಳೆ.
ಗುರಿ ಇಡುವವರು ಬೇರೆ. ಇವಳದು ಮಾಡುವ ಕಸುಬು.

ಹತ್ತು ಮೈಕ್ರಾನಿನ ಚಿನ್ನದ ಹಾಳೆ,
ಕೂದಲನ್ನು ಏಳಾಗಿ ಸೀಳಿದರೆ ಒಂದು ಪಾಲು.
ಚಿಮಟ ತಾಗಿದರೆ ಸುಕ್ಕು.
ಅದಕ್ಕೇ ಹಲ್ಲುಕಡ್ಡಿಯ ತುದಿಗೆ
ತನ್ನದೇ ಒಂದು ಎವೆ ಅಂಟಿಸಿಕೊಂಡಿದ್ದಾಳೆ.
ಬಲಗಣ್ಣಿನದು ಅನ್ನುತ್ತಾಳೆ, ಎಡಗಣ್ಣಿನವು ಡೊಂಕು.

ಎವೆಯಿಕ್ಕುವುದರೊಳಗೆ ಅನ್ನುತ್ತೇವಲ್ಲ ನಮ್ಮ ಮಾತಿನಲ್ಲಿ,
ಅಷ್ಟು ಹೊತ್ತು ಇಲ್ಲಿ ಸೋಮಾರಿತನ.
ಗೋಡೆಯಾಚೆಯ ಹಾಲಿನಲ್ಲಿ ಬೆಳಕನ್ನು ಮೊದಲು ಎಳೆದು ಉದ್ದ ಮಾಡಿ,
ಗಾಜಿನಿಂದ ಗಾಜಿಗೆ ದಾಟಿಸಿ ಕೊಬ್ಬಿಸಿ,
ಕೊನೆಗೆ ಒಂದೇ ಚುಕ್ಕೆಗೆ ಹಿಂಡುತ್ತಾರೆ.
ಆ ಕ್ಷಣದ ಮಟ್ಟಿಗೆ ಇಡೀ ದೇಶದ ಕರೆಂಟು
ಅದರ ಮುಂದೆ ಮಿಣುಕುಹುಳ.
ಒಟ್ಟು ಲೆಕ್ಕ ಹಾಕಿದರೆ ಮಾತ್ರ
ಒಂದು ಕಪ್ ಚಹಾ ಬೆಚ್ಚಗಾಗುವುದೂ ಅನುಮಾನ.

ನನ್ನ ಕೆಲಸ ಕಾಯುವುದು.
ಬಾಗಿಲ ಬೀಗ, ಕೆಂಪು ದೀಪ, ಸೈರನ್ನು, ಹತ್ತರಿಂದ ಇಳಿಯುವ ಎಣಿಕೆ.
ಶಬ್ದ? ಟಪ್.
ಅಂಗಿಯ ಗುಂಡಿ ಕಿತ್ತು ನೆಲಕ್ಕೆ ಬಿದ್ದ ಹಾಗೆ.

ಬೆಳಕು ಬಡಿಯುವುದು ಹಾಳೆಯ ಮುಂಬದಿಗೆ.
ಎಲೆಕ್ಟ್ರಾನುಗಳು ಹಿಂಬದಿಯಿಂದ ಹೊರಗೆ ನುಗ್ಗಿ,
ದೂರ ಹೋಗಲಾರದೆ ಹೊಸ್ತಿಲಲ್ಲೇ ಗುಂಪುಗಟ್ಟಿ
ಒಳಗಿನವರನ್ನು ಕೈಹಿಡಿದು ಎಳೆಯುತ್ತವೆ.
ಹೊರಡುವುದು ಚಿನ್ನವಲ್ಲ.
ಚಿನ್ನ ಭಾರ; ಅದು ಮೈಮುರಿದು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.
ಹೊರಡುವುದು ಹಿಂಬದಿಗೆ ಅಂಟಿದ ಕೊಳೆ:
ಗಾಳಿಯ ತೇವ, ಬೆರಳ ಜಿಡ್ಡು, ಪಂಪಿನ ಎಣ್ಣೆಯ ಹಬೆ,
ಅವುಗಳೊಳಗೆ ತೆಪ್ಪಗಿದ್ದ ಹೈಡ್ರೋಜನ್ನು,
ಬೆಳಕಿನ ಓಟದ ಮೂರನೆಯ ಒಂದು ಪಾಲಿನಲ್ಲಿ.

ಕಳೆದ ನವೆಂಬರಿನಲ್ಲಿ ಒವೈನ್ ಎಂಬ ಹುಡುಗ
ಇದು ಸರಿಯಲ್ಲ ಎಂದು ಹಟ ಹಿಡಿದ.
ಹಾಳೆಯನ್ನು ನಿರ್ವಾತದಲ್ಲೇ ಕೆಂಪಗೆ ಕಾಯಿಸಿದ.
ನಮ್ಮ ದೊಡ್ಡಮ್ಮನ ಮಡಿಯೂ ಅಷ್ಟು ಕಟ್ಟುನಿಟ್ಟಲ್ಲ.
ಶಾಟ್ ಆಯಿತು. ಫಿಲ್ಮಿನ ಕಟ್ಟು ಬಿಚ್ಚಿದೆವು,
ನೀಲಿ ವೃತ್ತ ಇರಬೇಕಾದಲ್ಲಿ ಬೋಳು.
ಭಾರದ ಅಯಾನು ಬೇಕೆನ್ನುವವರಿಗೆ ಅದೂ ಒಳ್ಳೆಯ ಸುದ್ದಿಯೇ.
ಆ ವಾರ ನಮಗೆ ಬೇಕಿದ್ದದ್ದು ಪ್ರೋಟಾನು.
ಅವನು ಊಟಕ್ಕೆ ಬರಲಿಲ್ಲ.

ನಮ್ಮ ತಾತ ಕೋಲಾರದ ಗಣಿಗೆ ಇಳಿಯುತ್ತಿದ್ದವನು.
ಮೇಲೆ ಬಂದಾಗ ಗೇಟಿನಲ್ಲಿ
ಉಗುರಿನ ಸಂದಿಯ ಕೊಳೆಯನ್ನೂ ಕೆರೆದು ನೋಡುತ್ತಿದ್ದರಂತೆ,
ಚಿನ್ನ ಕದ್ದನೇ ಎಂದು.
ವಿನಿಫ್ರೆಡ್‌ಗೆ ಹೇಳಿದೆ. ಅವಳು ತನ್ನ ಉಗುರು ನೋಡಿಕೊಂಡಳು.

ನೋಡಲು ಬರುವವರು ಕೇಳುತ್ತಾರೆ,
ಇದರಿಂದ ಗೆಡ್ಡೆ ಕರಗುತ್ತದೆಯಂತೆ, ಹೌದೇ?
ಮೈಯೊಳಗೆ ಎಷ್ಟು ಆಳ ಅಂದರೆ ಅಷ್ಟೇ ಆಳದಲ್ಲಿ ನಿಲ್ಲುತ್ತದೆಯಂತೆ?
ಒಂದು ದಿನ, ಅನ್ನುತ್ತೇನೆ.
ಅವರಲ್ಲೊಬ್ಬರು ಸ್ಕಾರ್ಫು ಬಿಗಿಮಾಡಿಕೊಂಡು
ಯಾವ ದಿನ ಎಂದು ಕೇಳಿದರು.
ನನಗೆ ಕಾಯುವುದು ಗೊತ್ತು, ಅದಕ್ಕೆ ಉತ್ತರ ಗೊತ್ತಿಲ್ಲ.

ನಿನ್ನೆ ವಿನಿಫ್ರೆಡ್‌ಗೆ ನೆಗಡಿ.
ಕೊನೆಯ ಹಾಳೆಯನ್ನು ಚೌಕಟ್ಟಿಗೆ ಕೂರಿಸುವಾಗ
ಮುಖ ತಿರುಗಿಸಿದಳು, ಆದರೂ ಸ್ವಲ್ಪ ತಡವಾಗಿ.
ಇಬ್ಬರೂ ಏನೂ ಆಗದವರಂತೆ ಇದ್ದೆವು.

ಟಪ್.

ನೀಲಿ ಹದಿನಾಲ್ಕನೆಯ ಪದರದವರೆಗೆ ಇಳಿದಿತ್ತು.
ಸೀನಿಗೂ ಇದಕ್ಕೂ ಸಂಬಂಧವಿಲ್ಲ ಎಂದ ಒವೈನ್,
ಅಷ್ಟು ಕೊಳೆ ಯಾವ ಹಾಳೆಯ ಮೇಲಾದರೂ ಇರುತ್ತದೆ ಎಂದ.
ಸರಿಯಾಗಿಯೇ ಹೇಳಿದ.
ದಾಖಲೆ ಪುಸ್ತಕದಲ್ಲಿ ಬರೆದೆ:
ಶಾಟ್ ನೂರ ಹದಿನೇಳು. ಚಿನ್ನ, ಹತ್ತು ಮೈಕ್ರಾನ್.
ಷರಾ: ಹಿಂಬದಿ ಒರೆಸಿಲ್ಲ. ಇರಲಿ.